ಹೊಸ ಗಾನಮುದ್ರಿಕೆಗಳು: ನಮ್ಮ ಅಭಿಪ್ರಾಯ

ಈಚಿನ ಎರಡು ಮೂರು ವರ್ಷಗಳಲ್ಲಿ ಹೊರಬಂದ ಗಾನಮುದ್ರಿಕೆಗಳಲ್ಲಿ ಕೆಲವನ್ನು ಆರಿಸಿ, ಅವುಗಳ ಗುಣದೋಷಗಳನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ಇವುಗಳಲ್ಲಿ ಹೆಚ್ಚಿನವು ರಾಕ್ ಸಂಗೀತಕ್ಕೆ ಸೇರಿದವು. ಆ ಹೆಸರನ್ನು ಕೇಳಿದೊಡನೆಯೇ ನಮ್ಮ ಹಿರಿಯರಲ್ಲಿ ಹಲವರು ಕಿವಿ ಮುಚ್ಚಿಕೊಳ್ಳುತ್ತಾರೆಂಬುದನ್ನು ನಾವು ಬಲ್ಲೆವು. ಆದರೆ ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ಕನ್ನಡ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಕೇಳುತ್ತಿರುವುದು ಇದನ್ನೇ. ಮಕ್ಕಳು ಏನನ್ನು ಕೇಳುತ್ತಿದ್ದಾರೆಂದು ಅರಿಯದೆ ಅವರಿಗೆ ಏನನ್ನು ಕೇಳಿಸಬೇಕೆಂದು ನಿರ್ಧರಿಸುವುದು ಸಾಧ್ಯವಿಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡಾಗ ಒಂದು ತಟ್ಟೆಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ ಮಾತ್ರ. ಆ ಗಾಯಕಿ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಮುಂದೆ ದೀರ್ಘಕಾಲದ ತಟ್ಟೆ, ಕ್ಯಾಸೆಟ್ಟು, ಸಿ.ಡಿ.ಗಳು ಬಂದು, ಹಲವು ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸುವ ಕಲೆ ಬೆಳೆಯಿತು. ಇಂದು ಕಾಲದ ಮಿತಿಯೇ ಇಲ್ಲ. ಸಂಗೀತ ಮೊಬೈಲಿನಲ್ಲಿ ಹರಿದುಬರುತ್ತದೆ. ಆದರೆ ಕೇಳುಗರು ಒಂದು ಹಾಡನ್ನು ಕೇಳಿ ಮತ್ತೊಂದಕ್ಕೆ ಹಾರುವುದರಿಂದ ಆ ಜೋಡಣೆಯ ಕಲೆಗೆ ಬೆಲೆ ತಗ್ಗಿದೆ. ಆದುದರಿಂದಲೇ ಇಡೀ ಸಂಪುಟವೊಂದನ್ನು ಕಟ್ಟುವ ಶ್ರಮ ವಹಿಸಿದವರನ್ನು ನಾವು ಮೊದಲಿಗೆ ಅಭಿನಂದಿಸುತ್ತೇವೆ.

ತೂ ಹೈ (ಇಂಡಿಯನ್ ಓಷನ್, 2023)

1990ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಈ ತಂಡವನ್ನು ದಿಲ್ಲಿ ಕನ್ನಡಿಗರು ತಮ್ಮದೆಂದು ಹೇಳಿಕೊಳ್ಳಲು ಕಾರಣವಿದೆ. ಇದರ ಗಾಯಕರೂ ಬೇಸ್ ಗಿಟಾರ್ ವಾದಕರೂ ಆದ ಶ್ರೀ ರಾಹುಲ್ ರಾಮ್ ಅವರು, ಮೈಸೂರಿನಿಂದ ಬಂದು ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಕೀರ್ತಿ ಪಡೆದ ಎಚ್. ವೈ. ಮೋಹನರಾಮ್ ಅವರ ಪುತ್ರರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್. ವೈ. ಶಾರದಾಪ್ರಸಾದ್ ಅವರು ಇವರ ದೊಡ್ಡಪ್ಪ. ನರ್ಮದಾ ಚಳವಳಿಯಲ್ಲಿ ದುಡಿದ ಶ್ರೀ ರಾಮ್ ಆ ಕಣಿವೆಯ ಹಾಡನ್ನೂ ತಂಡಕ್ಕೆ ತಂದರು. 2000ದ 'ಕಂದೀಸಾ' ಸಂಪುಟ ಇವರಿಗೆ ದೇಶದ ಮನ್ನಣೆ ತಂದಿತು.

'ತಂದಾನು' ಬಂದದ್ದು 2014ರಲ್ಲಿ. ಒಂಬತ್ತು ವರ್ಷಗಳ ಬಳಿಕ ಬಂದ 'ತೂ ಹೈ'ನಲ್ಲಿ ಅವಸರದ ಗುರುತು ಕಾಣುವುದಿಲ್ಲ. ಶ್ರೀ ಹಿಮಾಂಶು ಜೋಶಿಯವರ ಕಂಠದಲ್ಲಿ ಶಾಸ್ತ್ರೀಯ ಸಂಸ್ಕಾರವಿದೆ. ತಬಲಾ ಮತ್ತು ಡ್ರಮ್ಮುಗಳು ಒಂದನ್ನೊಂದು ಮೀರಲು ಹೊರಡದೆ ಜೊತೆಯಾಗಿ ನಡೆಯುತ್ತವೆ. ಆದರೆ ತಂಡದ ಆದ್ಯರಲ್ಲಿ ಅಶೀಮ್ ಚಕ್ರವರ್ತಿಯವರು 2009ರಲ್ಲಿ ತೀರಿಕೊಂಡರು. ಶ್ರೀ ಸುಶ್ಮಿತ್ ಸೇನ್ 2013ರಲ್ಲಿ ತಂಡವನ್ನು ಬಿಟ್ಟರು. ಅಶೀಮರ ಕಂಠದಲ್ಲಿದ್ದ ಮಣ್ಣಿನ ಕಾವು ಇಲ್ಲಿ ಇಲ್ಲವೆಂಬ ಕೊರತೆಯನ್ನು ಹಳೆಯ ಕೇಳುಗರು ಅನುಭವಿಸದೆ ಇರಲಾರರು. ಆದರೂ ಇದು ಸಾವಧಾನವಾಗಿ ಕೇಳತಕ್ಕ ಕೃತಿ.

ನು ಡೆಲ್ಲಿ (ಬ್ಲಡಿವುಡ್, 2025)

2019ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿ ಹೆಸರಾದ ದಿಲ್ಲಿಯ ಮೆಟಲ್ ತಂಡದ ಎರಡನೆಯ ಸಂಪುಟವಿದು. ಮೊದಲನೆಯದಾದ 'ರಕ್ಷಕ್' ಬಂದದ್ದು 2022ರಲ್ಲಿ. ಗಿಟಾರಿನ ಗುಡುಗಿಗೆ ಡೋಲು ಕೊಳಲುಗಳನ್ನು ಬೆರೆಸುವುದು ಇವರ ಕ್ರಮ. ಮದುವೆಯ ಮೆರವಣಿಗೆಯ ಡೋಲಿಗೆ ಇಷ್ಟೊಂದು ರೋಷವಿತ್ತೆಂದು ನಾವು ತಿಳಿದಿರಲಿಲ್ಲ. ಎಂಟೇ ಹಾಡುಗಳು, ಜಪಾನಿನ ಬೇಬಿಮೆಟಲ್ ತಂಡ ಒಂದರಲ್ಲಿ ದನಿಗೂಡಿಸಿದೆ. ಕೊನೆಯ ಹಾಡು ಈ ನಗರಕ್ಕೇ ಮೀಸಲು. ದಿಲ್ಲಿಯ ಒರಟುತನವನ್ನೂ ಅಭಿಮಾನವನ್ನೂ ಒಟ್ಟಿಗೆ ಹಿಡಿದಿರುವುದು ಇದರ ಹೆಚ್ಚಳ. ಎಲ್ಲವೂ ಏರುದನಿಯಲ್ಲೇ ಇರುವುದು ಇದರ ದೋಷ: ನಡುವೆ ಒಂದೆರಡು ಗಳಿಗೆ ಮೌನವಿದ್ದಿದ್ದರೆ ಅಬ್ಬರಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ಹಿರಿಯರು ಮೊದಲು ಕೊಳಲಿನ ಭಾಗಗಳನ್ನು ಕೇಳಿ ಅನಂತರ ಮುಂದುವರಿಯುವುದು ಲೇಸು.

ಬೇಟಾ (ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ, 2024)

ಇದೂ ದಿಲ್ಲಿಯದೇ ತಂಡ; ಆದರೆ ಸ್ವಭಾವ ತದ್ವಿರುದ್ಧ. ಶ್ರೀ ಸೂರ್ಯಕಾಂತ್ ಸಾಹ್ನಿಯವರು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಹಳೆಯ ಬಾಲ್‌ರೂಮ್ ಗಾಯಕರಂತೆ ನಿಡಿದಾದ ದನಿಯಲ್ಲಿ ಹಾಡುತ್ತಾರೆ. ತುತ್ತೂರಿಯ ನಾದ ಬ್ಯಾಂಡ್‌ಸೆಟ್ಟನ್ನು ನೆನಪಿಗೆ ತರುತ್ತದೆ. ರಾತ್ರಿಯ ಹೊತ್ತು ಮೆಲ್ಲಗೆ ಕೇಳಲು ಹಿತವಾಗಿದೆ. 2019ರ 'ಬಿಸ್ಮಿಲ್ಲಾ'ದಲ್ಲಿದ್ದ ಬಿಗಿ ಇಲ್ಲಿ ಸಡಿಲವಾಗಿದೆ. ಕೆಲವು ಹಾಡುಗಳು ಮುಗಿಯಬೇಕಾದ ಕಡೆ ಮುಗಿಯುವುದಿಲ್ಲ.

ಅರೈವಲ್ ಆಫ್ ದಿ ಎಥೀರಿಯಲ್ (ಅಗಮ್, 2025)

ಬೆಂಗಳೂರಿನ ಈ ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ವಾದ್ಯಗಳಿಗೆ ಹೊಂದಿಸುವುದರಲ್ಲಿ ಪಳಗಿದೆ. ತ್ಯಾಗರಾಜರ ಸಾರಮತಿ ರಾಗದ 'ಮೋಕ್ಷಮು ಗಲದಾ' ಕೃತಿಯಲ್ಲಿ ಶ್ರೀ ಹರೀಶ್ ಶಿವರಾಮಕೃಷ್ಣನ್ ಅವರೊಡನೆ ಶ್ರೀಮತಿ ಶ್ರೇಯಾ ಘೋಷಾಲ್ ಹಾಡಿದ್ದಾರೆ. ರಾಗದ ಮರ್ಯಾದೆಗೆ ಭಂಗ ಬಂದಿಲ್ಲವೆಂದೇ ನಮ್ಮ ಅಭಿಮತ. ಆದರೆ ಆ ಕೃತಿಯ ಪ್ರಶ್ನೆ ಏಕಾಂತದ ಪ್ರಶ್ನೆ. ಭಾರಿ ವಾದ್ಯವೃಂದದ ನಡುವೆ ಅದರ ದೈನ್ಯ ಸ್ವಲ್ಪ ಮರೆಯಾಗುತ್ತದೆ. ಶಾಸ್ತ್ರೀಯ ಸಂಗೀತದತ್ತ ಸುಳಿಯದ ತರುಣರಿಗೆ ಇದೊಂದು ಹೊಸ್ತಿಲಾಗಬಲ್ಲದು.

ದಿಸ್ ಮೊಮೆಂಟ್ (ಶಕ್ತಿ, 2023)

ಶ್ರೀ ಜಾನ್ ಮೆಕ್‌ಲಾಕ್ಲಿನ್, ಉಸ್ತಾದ್ ಜಾಕಿರ್ ಹುಸೇನ್, ಶ್ರೀ ಶಂಕರ್ ಮಹಾದೇವನ್, ಶ್ರೀ ಗಣೇಶ್ ರಾಜಗೋಪಾಲನ್, ಶ್ರೀ ಸೆಲ್ವಗಣೇಶ್ ಇವರ ಕೂಟದ ಈ ಸಂಪುಟ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 1977ರ ಬಳಿಕ 'ಶಕ್ತಿ' ತಂಡ ಸ್ಟುಡಿಯೋದಲ್ಲಿ ರೂಪಿಸಿದ ಮೊದಲ ಸಂಪುಟವಿದು. 2024ರ ಡಿಸೆಂಬರ್ 15ರಂದು ಉಸ್ತಾದರು ನಿಧನರಾದುದರಿಂದ ಇದಕ್ಕೆ ಅನಿರೀಕ್ಷಿತವಾದ ಗಾಂಭೀರ್ಯ ಬಂದಿದೆ. ತಬಲಾ, ಘಟ, ಖಂಜಿರಗಳ ಸಂವಾದ ಕೇಳಿದವರಿಗೆ ಉತ್ತರಾದಿ ದಕ್ಷಿಣಾದಿಯೆಂಬ ವ್ಯಾಜ್ಯ ವ್ಯರ್ಥವೆನಿಸುತ್ತದೆ. ಈ ಪಟ್ಟಿಯಲ್ಲಿ ನಿಸ್ಸಂಕೋಚವಾಗಿ ಎಲ್ಲರಿಗೂ ಶಿಫಾರಸು ಮಾಡಬಹುದಾದುದು ಇದೊಂದೇ.

ಕನ್ನಡವೆಲ್ಲಿ?

ಮೇಲಿನ ಐದರಲ್ಲಿ ಒಂದರಲ್ಲಿಯೂ ಕನ್ನಡದ ಹಾಡಿಗೆ ಪ್ರಧಾನ ಸ್ಥಾನವಿಲ್ಲ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಕಲಾವಿದರು ತಮಗೆ ಒಲಿದ ಭಾಷೆಯಲ್ಲಿ ಹಾಡುವುದು ಅವರ ಹಕ್ಕು. ಆದರೆ ನಮ್ಮ ಮನೆಯ ಮಕ್ಕಳ ದೃಷ್ಟಿಯಿಂದ ಇದು ಚಿಂತಿಸತಕ್ಕ ವಿಷಯ. ಚಲನಚಿತ್ರವನ್ನು ಬಿಟ್ಟರೆ ಹೊಸಕಾಲದ ಸಂಗೀತದಲ್ಲಿ ಕನ್ನಡ ಇದೆಯೆಂಬುದೇ ಅವರಿಗೆ ತಿಳಿಯುವುದಿಲ್ಲ.

ಇದಕ್ಕೆ ಸಮಾಧಾನವಾಗಿ ಎರಡು ಹಳೆಯ ಸಂಪುಟಗಳನ್ನು ಹೆಸರಿಸುತ್ತೇವೆ: ಮೈಸೂರಿನ ಶ್ರೀ ರಘು ದೀಕ್ಷಿತ್ ಅವರ 2008ರ ಮೊದಲ ಸಂಪುಟ ಮತ್ತು 2013ರ 'ಜಗ್ ಚಂಗಾ'. ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಷರೀಫರ ತತ್ತ್ವಪದಗಳು ಇವುಗಳಲ್ಲಿ ಹಿಂದಿ ಹಾಡುಗಳ ಪಕ್ಕದಲ್ಲಿಯೇ ಗಿಟಾರಿನ ಜೊತೆ ನಿಂತಿವೆ. ಕನ್ನಡ ಅರಿಯದ ಹುಡುಗರೂ ಅವುಗಳಿಗೆ ತಲೆದೂಗುತ್ತಾರೆ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟು ಬಂದು ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿತು. ಆ ಹಾಡುಗಳನ್ನು ಜೊತೆಗೆ ಕೊಂಡುಬಂದ ಹಿರಿಯರಿಗೆ ದಿಲ್ಲಿಯಲ್ಲಿ ಅವು ತೌರಿನ ದನಿಯಾದವು. ಅಂತಹ ಕೆಲಸವನ್ನು ಇಂದಿನ ಮಕ್ಕಳಿಗೆ ಷರೀಫರ ಪದ ರಾಕ್ ವೇಷದಲ್ಲಿ ಬಂದು ಮಾಡುವುದಾದರೆ ವೇಷದ ಬಗೆಗೆ ನಾವು ಜಗಳಾಡಬೇಕಾಗಿಲ್ಲ.

ಕೊನೆಯದಾಗಿ ಹಣದ ಮಾತು. 2010ರಲ್ಲಿ ಇಂಡಿಯನ್ ಓಷನ್ ತಂಡ, ತಾನು ಅಭ್ಯಾಸ ಮಾಡುತ್ತಿದ್ದ ಕರೋಲ್‌ಬಾಗಿನ ಹಳೆಯ ಮನೆಯ ವಿಳಾಸವನ್ನೇ ಹೆಸರಾಗಿಟ್ಟ '16/330 ಖಜೂರ್ ರೋಡ್' ಸಂಪುಟದ ಹಾಡುಗಳನ್ನು ತಿಂಗಳಿಗೊಂದರಂತೆ ಉಚಿತವಾಗಿ ಕೊಟ್ಟಿತು. ಅದು ಔದಾರ್ಯವೂ ಹೌದು, ಮುದ್ರಿಕೆಯ ಮಾರಾಟದಿಂದ ಕಲಾವಿದರಿಗೆ ಸಿಗುವುದು ಅಲ್ಪವೆಂಬುದರ ಸೂಚನೆಯೂ ಹೌದು. ಇವರ ಜೀವನ ನಡೆಯುವುದು ಹೆಚ್ಚಾಗಿ ಕಚೇರಿಗಳಿಂದ. ಆದುದರಿಂದ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಚಿತ್ರಗೀತೆ, ಭಾವಗೀತೆಗಳ ನಡುವೆ ಒಂದು ಗಂಟೆಯನ್ನು ಹೊಸ ತಂಡಗಳಿಗೆ ಮೀಸಲಿಡಲಿ. ಕನ್ನಡದ ಎರಡು ಪದಗಳನ್ನಾದರೂ ಹಾಡಬೇಕೆಂದು ಕೇಳಿಕೊಳ್ಳಲಿ. ಸಂಭಾವನೆಯನ್ನು ಮೊದಲೇ ಕೊಡಲಿ. ಅಂದು ಮುಂದಿನ ಸಾಲಿನಲ್ಲಿ ಹಿರಿಯರೂ ಕುಳಿತಿರಬೇಕೆಂದು ನಮ್ಮ ವಿನಂತಿ.