ಮಾತು ನಿಂತವರ ಒಪ್ಪಿಗೆ

ಲಕ್ವ ಹೊಡೆದು ಮಾತೇ ನಿಂತವರನ್ನು ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಾರಂತೆ, ಇದು ನ್ಯಾಯವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಈ ಪ್ರಶ್ನೆಯನ್ನು ಬದಿಗೆ ಸರಿಸದೆ ಅದರ ಮೇಲೆಯೇ ಕೆಲಸ ಮಾಡಿದವರಲ್ಲಿ ರಿಚರ್ಡ್ ಲಿಂಡ್ಲಿ ಒಬ್ಬರು. ವಯೋವೃದ್ಧರ ಚಿಕಿತ್ಸೆಯ ತಜ್ಞರಾದ ಅವರು ಎಡಿನ್‌ಬರೋದಲ್ಲಿದ್ದು, ಆಮೇಲೆ ಸಿಡ್ನಿಗೆ ಹೋದವರು.

ಲಕ್ವ ಹೊಡೆದಾಗ ಹೆಚ್ಚಾಗಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುತ್ತದೆ. ಅದು ತೋಟದ ಕಾಲುವೆಗೆ ಕಸ ಕಟ್ಟಿದ ಹಾಗೆ. ಎದುರಿನ ಮಡಿ ಕೂಡಲೇ ಒಣಗುತ್ತದೆ. ಅಂಚಿನ ಮಡಿಗಳು ಪಕ್ಕದಿಂದ ಬಸಿದು ಬರುವ ನೀರಿನಲ್ಲಿ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತವೆ. ಬೇಗ ಕಸ ತೆಗೆದರೆ ಅವು ಉಳಿಯುತ್ತವೆ. ತಡವಾಗಿ ತೆಗೆದರೆ ಬಿರುಕು ಬಿಟ್ಟ ಬದು ನೀರಿನ ರಭಸಕ್ಕೆ ಒಡೆದುಹೋಗಬಹುದು. ಮಿದುಳಿನಲ್ಲಿ ಹಾಗೆ ಬದು ಒಡೆಯುವುದೇ ರಕ್ತಸ್ರಾವ.

ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಔಷಧದ ಕಥೆಯೂ ಇದೇ. ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದ ಎರಡನೇ ಭಾಗದಲ್ಲಿ, 3 ಗಂಟೆಯೊಳಗೆ ಔಷಧ ಪಡೆದವರಲ್ಲಿ ನೂರಕ್ಕೆ 39 ಮಂದಿ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡಿದ್ದರು. ಔಷಧ ಪಡೆಯದವರಲ್ಲಿ ಹಾಗಾದವರು 26 ಮಂದಿ. ಆದರೆ ಇಡೀ ಪ್ರಯೋಗದಲ್ಲಿ ತೊಂದರೆ ಕೊಡುವ ಮಿದುಳಿನ ರಕ್ತಸ್ರಾವ ಶೇ. 0.6ರಿಂದ ಶೇ. 6.4ಕ್ಕೆ ಏರಿತ್ತು.

ಲಾಭವೂ ಇದೆ, ಅಪಾಯವೂ ಇದೆ. ಹಾಗಾಗಿ ರೋಗಿಯನ್ನು ಕೇಳಲೇಬೇಕು. ಕೇಳಬೇಕಾದ ರೋಗಿಗೆ ಬಲಗೈ ಎತ್ತಲಾಗುತ್ತಿಲ್ಲ, ನಾಲಿಗೆ ತೊಡರುತ್ತಿದೆ, ಹೇಳಿದ್ದು ಅರ್ಥವಾಯಿತೋ ಇಲ್ಲವೋ ಗೊತ್ತಾಗುತ್ತಿಲ್ಲ. ಹತ್ತು ಪುಟದ ಕಾಗದ ಓದಿಸುತ್ತ ಕುಳಿತರೆ ಮಿದುಳು ಕಾಯುವುದಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಗಿದೆ.

ಇನ್ನೊಂದು ತೊಡಕೂ ಇತ್ತು. ಆರಂಭದ ಹಲವು ಪ್ರಯೋಗಗಳು 80 ವರ್ಷ ದಾಟಿದವರನ್ನು ಹೊರಗಿಟ್ಟವು. ಯುರೋಪಿನಲ್ಲಿ ಔಷಧಕ್ಕೆ ಸಿಕ್ಕ ಪರವಾನಗಿಯೂ 80ಕ್ಕೇ ನಿಂತಿತು. ಲಕ್ವ ಹೆಚ್ಚಾಗಿ ಬರುವುದೇ ವಯಸ್ಸಾದವರಿಗೆ! ಅಪಾಯದಿಂದ ಕಾಪಾಡುತ್ತೇವೆಂದು ಅವರನ್ನು ಪ್ರಯೋಗದಿಂದ ಹೊರಗಿಟ್ಟರೆ, ನಾಳೆ ಚಿಕಿತ್ಸೆಯಿಂದಲೂ ಹೊರಗಿಟ್ಟಂತೆ. ನನ್ನ ಮಟ್ಟಿಗೆ ಇದು ದೊಡ್ಡ ಅನ್ಯಾಯ.

ಸಂಶೋಧಕ ಪೀಟರ್ ಸ್ಯಾಂಡರ್‌ಕಾಕ್ ಅವರೊಂದಿಗೆ ಲಿಂಡ್ಲಿ ತೊಡಗಿದ್ದ, ಇದೇ ಔಷಧದ 'ಐಎಸ್‌ಟಿ-3' ಪ್ರಯೋಗ ಈ ಬಾಗಿಲು ತೆರೆಯಿತು. ಅದಕ್ಕೂ ಮುನ್ನ ಸಂಶೋಧಕರು ವಯಸ್ಸಾದ ಜನಸಾಮಾನ್ಯರನ್ನು ಸೇರಿಸಿ, ಔಷಧದ ಅಪಾಯವನ್ನು ಮುಚ್ಚಿಡದೆ ಹೇಳಿ, ಒಪ್ಪಿಗೆ ಹೇಗೆ ಕೇಳಬೇಕು ಎಂದು ಅವರನ್ನೇ ವಿಚಾರಿಸಿದರು. ಅವರ ಮಾತು ಕೇಳಿ ಮಾಹಿತಿಪತ್ರಗಳನ್ನು ತಿದ್ದಿದರು. ಪ್ರಯೋಗದಲ್ಲಿ ಸಹಿ ಮಾಡಬಲ್ಲವರು ಸಹಿ ಮಾಡಿದರು, ಕೈ ಬಾರದವರು ಸಾಕ್ಷಿಯ ಎದುರು ಬಾಯಿಮಾತಿನಲ್ಲಿ ಒಪ್ಪಿದರು, ಅದೂ ಆಗದವರ ಪರವಾಗಿ ಮನೆಯವರು ಒಪ್ಪಿಗೆ ಕೊಟ್ಟರು. 2000ದಿಂದ 2011ರವರೆಗೆ 12 ದೇಶಗಳಲ್ಲಿ 3,035 ರೋಗಿಗಳು ಸೇರಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 80 ದಾಟಿದವರು.

2012ರಲ್ಲಿ ಬಂದ ಫಲಿತಾಂಶವನ್ನು ಉಬ್ಬಿಸಿ ಹೇಳಬಾರದು. ಆರು ತಿಂಗಳ ಬಳಿಕ ಸ್ವತಂತ್ರವಾಗಿ ಬದುಕುತ್ತಿದ್ದವರು ಔಷಧ ಪಡೆದವರಲ್ಲಿ ಶೇ. 37, ಪಡೆಯದವರಲ್ಲಿ ಶೇ. 35. ಈ ಅಂತರ ಆಕಸ್ಮಿಕವೂ ಆಗಿರಬಹುದು. ಮೊದಲ ವಾರದಲ್ಲಿ ಔಷಧ ಪಡೆದವರಲ್ಲೇ ಸಾವು ಹೆಚ್ಚಿತ್ತು, ಆರು ತಿಂಗಳ ಹೊತ್ತಿಗೆ ಎರಡೂ ಕಡೆ ಸಮವಾಯಿತು. ಆದರೆ 80 ದಾಟಿದವರಿಗೆ ಉಪಯೋಗ ಕಡಿಮೆಯೇನಲ್ಲ ಎಂಬುದು ತಿಳಿಯಿತು. ಬೇಗ ಕೊಟ್ಟಷ್ಟೂ ಒಳ್ಳೆಯದು ಎಂಬುದೂ ಗಟ್ಟಿಯಾಯಿತು.

ಲಿಂಡ್ಲಿಯವರ ಇನ್ನೊಂದು ಕೆಲಸ ನಡೆದದ್ದು ನಮ್ಮ ದೇಶದಲ್ಲೇ. ಲುಧಿಯಾನಾದ ಡಾ. ಜಯರಾಜ್ ಪಾಂಡಿಯನ್ ಮುಂತಾದವರ ಜೊತೆಗೂಡಿ, ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿ ನಡೆಸಿದ 'ಅಟೆಂಡ್' ಪ್ರಯೋಗ ಅದು. ಫಿಸಿಯೋಥೆರಪಿಸ್ಟರು ಸಾಕಷ್ಟಿಲ್ಲದ ಕಡೆ, ಆರೈಕೆ ಮಾಡುವ ಹೆಂಡತಿಗೋ ಮಗನಿಗೋ ವ್ಯಾಯಾಮ ಮಾಡಿಸುವುದನ್ನು ಕಲಿಸಿದರೆ ರೋಗಿ ಬೇಗ ಎದ್ದು ಓಡಾಡಬಹುದೇ? ಕೇಳಿದವರೆಲ್ಲ ಹೌದೆನ್ನುತ್ತಾರೆ. 2017ರಲ್ಲಿ ಬಂದ ಉತ್ತರ ಬೇರೆಯೇ ಆಗಿತ್ತು. ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಮನೆಯವರಿಗೆ ಕಲಿಸಿದ ಗುಂಪಿನಲ್ಲೂ ಕಲಿಸದ ಗುಂಪಿನಲ್ಲೂ ಶೇ. 47. ಒಳ್ಳೆಯ ಮನಸ್ಸಿನ ಯೋಜನೆ ಎಂದು ಪರೀಕ್ಷಿಸದೆ ಜಾರಿಗೆ ತಂದಿದ್ದರೆ, ಮೊದಲೇ ದಣಿದ ಮನೆಯವರ ಹೆಗಲಿಗೆ ಇನ್ನಷ್ಟು ಭಾರ ಬೀಳುತ್ತಿತ್ತು. ಉಪಯೋಗವಾಗಲಿಲ್ಲ ಎಂದು ಬಿಚ್ಚಿ ಹೇಳಿದ ಇಂಥ ವರದಿಗೂ ಪತ್ರಿಕೆಗಳಲ್ಲಿ ದೊಡ್ಡ ಜಾಗ ಸಿಗಬೇಕು.

ಮತ್ತೆ ಒಪ್ಪಿಗೆಯ ಪ್ರಶ್ನೆಗೆ ಬರೋಣ. ಭಾರತದಲ್ಲಿ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ, ರೋಗಿ ತಾನೇ ಒಪ್ಪಿಗೆ ಕೊಡಲಾಗದಿದ್ದರೆ ಕಾನೂನು ಮಾನ್ಯ ಮಾಡುವ ಪ್ರತಿನಿಧಿ ಕೊಡಬಹುದು. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಆ ಪ್ರತಿನಿಧಿ ನಾಳೆ ನೀವೇ ಆಗಬಹುದು. ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ, ಸೇರಿದರೆ ಅಪಾಯವೇನು, ನಡುವೆ ಬಿಡಬಹುದೇ, ಈ ಮೂರನ್ನು ಕೇಳದೆ ಸಹಿ ಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ಬಾಯಿ ವಾರೆಯಾಗಿ, ಕೈ ಸೋತು, ಮಾತು ತೊದಲಿದರೆ, ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತನ್ನು ಬರೆದಿಟ್ಟುಕೊಂಡು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ.