ಚಲಿಸುವುದೇಕೆ? ನಿಲ್ಲುವುದೇಕೆ?



ಎತ್ತುಗಳು ಎಳೆದರೆ ಬಂಡಿ ಮುಂದೆ ಹೋಗುತ್ತದೆ; ಎತ್ತುಗಳು ನಿಂತರೆ ಬಂಡಿಯೂ ನಿಲ್ಲುತ್ತದೆ. ಇದನ್ನು ಕಂಡವರು, ವಸ್ತುವು ಚಲಿಸುತ್ತಿರಬೇಕಾದರೆ ಯಾವುದಾದರೊಂದು ಬಲವು ಅದನ್ನು ಎಡೆಬಿಡದೆ ಎಳೆಯುತ್ತಲೋ ತಳ್ಳುತ್ತಲೋ ಇರಬೇಕೆಂದು ತಿಳಿಯುವುದು ಸಹಜವೇ. ಗ್ರೀಸ್ ದೇಶದ ಅರಿಸ್ಟಾಟಲನೂ ಹಾಗೆಯೇ ತಿಳಿದಿದ್ದನು. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಓದಿ ತೇರ್ಗಡೆಯಾದವರ ಮನಸ್ಸಿನಲ್ಲಿಯೂ ಈ ಭಾವನೆ ಉಳಿದಿರುವುದನ್ನು ಅಧ್ಯಾಪಕನಾದ ನಾನು ಪ್ರತಿವರ್ಷವೂ ಕಾಣುತ್ತೇನೆ. ಆದರೆ ಇದು ತಪ್ಪು.

ಈ ತಪ್ಪನ್ನು ತೋರಿಸಿಕೊಟ್ಟವರಲ್ಲಿ ಇಟಲಿಯ ಗೆಲಿಲಿಯೋ ಮುಖ್ಯನು. ಅವನ ವಿಚಾರಸರಣಿ ಬಹು ಸರಳವಾದುದು. ನುಣುಪಾದ ಇಳಿಜಾರಿನ ಮೇಲೆ ಒಂದು ಗುಂಡನ್ನು ಉರುಳಬಿಟ್ಟು, ಎದುರಿಗೆ ಒಂದು ಏರನ್ನು ಇಟ್ಟರೆ, ಗುಂಡು ತಾನು ಹೊರಟ ಎತ್ತರದ ಸಮೀಪದವರೆಗೆ ಏರುತ್ತದೆ. ಏರಿನ ಓರೆಯನ್ನು ಕಡಿಮೆ ಮಾಡಿದರೆ, ಅದೇ ಎತ್ತರವನ್ನು ಮುಟ್ಟಲು ಅದು ಹೆಚ್ಚು ದೂರ ಹೋಗಬೇಕು. ಏರೇ ಇಲ್ಲದೆ ಸಮತಲವಾಗಿದ್ದರೆ? ಆ ಎತ್ತರ ಎಂದಿಗೂ ದೊರೆಯದು; ಆದಕಾರಣ, ತಡೆಯುವುದೇನೂ ಇಲ್ಲದಿದ್ದಲ್ಲಿ ಗುಂಡು ಎಂದಿಗೂ ನಿಲ್ಲಲಾರದು. 1687ರಲ್ಲಿ ನ್ಯೂಟನ್ನನು ತನ್ನ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಚಲನೆಯ ಮೊದಲನೆಯ ನಿಯಮವನ್ನು ಹೀಗೆ ಸ್ಥಾಪಿಸಿದನು: ಹೊರಗಿನ ಬಲವು ಬದಲಾಯಿಸಿದ ಹೊರತು, ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಿಂದ ನೇರವಾಗಿ ಚಲಿಸುತ್ತಲೇ ಇರುತ್ತದೆ. ಎಂದರೆ, ಬಲ ಬೇಕಾಗುವುದು ಚಲನೆಯನ್ನು ಬದಲಾಯಿಸುವುದಕ್ಕೆ.

ಹಾಗಾದರೆ ಬಂಡಿ ನಿಲ್ಲುವುದೇಕೆ? ಅಚ್ಚಿಗೂ ಗಾಲಿಗೂ, ಗಾಲಿಗೂ ನೆಲಕ್ಕೂ ಇರುವ ಘರ್ಷಣೆಯು ಅದನ್ನು ತಡೆಯುತ್ತಿರುತ್ತದೆ. ಮಟ್ಟಸವಾದ ದಾರಿಯಲ್ಲಿ ಎತ್ತುಗಳು ಸಮವೇಗದಿಂದ ನಡೆಯುವಾಗ, ಅವುಗಳ ಎಳೆತವೆಲ್ಲ ಈ ತಡೆಯನ್ನು ಸರಿದೂಗಿಸುವುದರಲ್ಲಿಯೇ ಮುಗಿಯುತ್ತದೆ. ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನಿಗೆ ಈ ಅರ್ಧಾಂಶ ಅನುಭವದಿಂದಲೇ ಗೊತ್ತು. ಉಳಿದ ಅರ್ಧವು ಘರ್ಷಣೆಯಿಲ್ಲದ ಆಕಾಶದಲ್ಲಿ ಕಾಣುತ್ತದೆ. 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್-1 ನೌಕೆಯು, ಹಿಂದಿನಿಂದ ತಳ್ಳುವ ಯಂತ್ರವಿಲ್ಲದೆಯೇ, ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ ಸೂರ್ಯನಿಂದ ದೂರಕ್ಕೆ ಸಾಗುತ್ತಿದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಈ ನಿಯಮವನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದೆನು. ಆದರೂ ಒಂದು ಸಂಜೆ ಓಡುತ್ತಿದ್ದ ಬಸ್ಸಿನಿಂದ ಧುಮುಕಿದೆನು. ಪಾದಗಳನ್ನು ನೆಲವು ಹಿಡಿದು ನಿಲ್ಲಿಸಿತು. ಮೈಯನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಅದು ಬಸ್ಸಿನ ವೇಗದಿಂದಲೇ ಮುಂದುವರಿಯಿತು. ಮೊಣಕಾಲುಗಳೂ ಅಂಗೈಗಳೂ ತರಚಿಹೋದುವು. ಬಸ್ಸಿನ ಹಿಂಭಾಗಕ್ಕೆ ಮುಖಮಾಡಿ ಧುಮುಕಿದ್ದರೆ ನೆಲಕ್ಕೆ ಬಡಿಯುತ್ತಿದ್ದುದು ತಲೆಯ ಹಿಂಬದಿ. ನಿಯಮವು ನನಗೆ ಅರ್ಥವಾದುದು ಅಂದೇ.

ಓಡುವ ವಾಹನವನ್ನು ನಿಲ್ಲಿಸುವುದೂ ಚಲನೆಯ ಬದಲಾವಣೆಯೇ. ಗಂಟೆಗೆ 36 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 10 ಮೀಟರು ಹೋಗುತ್ತದೆ. ಬ್ರೇಕು ಒತ್ತಿದಾಗ ಅದರ ವೇಗವು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 5 ಮೀಟರಿನಷ್ಟು ಕುಗ್ಗುವುದೆಂದು ಇಟ್ಟುಕೊಳ್ಳೋಣ. ಆಗ ಅದು 2 ಸೆಕೆಂಡಿನಲ್ಲಿ, 10 ಮೀಟರಿನೊಳಗೆ ನಿಲ್ಲುತ್ತದೆ. 72 ಕಿಲೋಮೀಟರ್ ವೇಗದ ಕಾರಿಗೆ 4 ಸೆಕೆಂಡುಗಳೂ 40 ಮೀಟರುಗಳೂ ಬೇಕು. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು! ಚಾಲಕನು ಅಪಾಯವನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯುವುದೆಂದರೆ, ಮೊದಲನೆಯ ಕಾರು 20 ಮೀಟರಿನಲ್ಲಿ, ಎರಡನೆಯದು 60 ಮೀಟರಿನಲ್ಲಿ ನಿಲ್ಲುವುವು. ಮುಂದೆ 30 ಮೀಟರಿನಲ್ಲಿ ಮಗುವೊಂದು ರಸ್ತೆಗಿಳಿದರೆ, ಮೊದಲನೆಯ ಕಾರಿನಿಂದ ಅದಕ್ಕೆ ಭಯವಿಲ್ಲ. ಎರಡನೆಯದು ಮಗುವಿದ್ದ ಸ್ಥಳವನ್ನು ಮುಟ್ಟುವಾಗಲೂ ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿರುತ್ತದೆ.

ಆದುದರಿಂದ, ಮನೆಯಲ್ಲಿ ಮಕ್ಕಳು ಮೊದಲನೆಯ ನಿಯಮವನ್ನು ಒಪ್ಪಿಸಿದಾಗ, ತಾವು ಅಷ್ಟಕ್ಕೇ ತೃಪ್ತರಾಗಬೇಡಿರಿ. ಓಡುವ ಬಸ್ಸು ತಟ್ಟನೆ ನಿಂತರೆ ನೀನು ಯಾವ ಕಡೆಗೆ ಬೀಳುವೆ, ಏಕೆ ಎಂದು ಕೇಳಿರಿ. ಅದಕ್ಕೆ ಸರಿಯಾದ ಉತ್ತರವನ್ನು ಕೊಡುವ ಮಗುವು, ಬಸ್ಸು ಪೂರ್ತಿ ನಿಂತ ಮೇಲೆಯೇ ಇಳಿಯಬೇಕೆಂಬುದನ್ನೂ ತಾನಾಗಿಯೇ ತಿಳಿದುಕೊಳ್ಳುವುದು.