ಭರಪಾಯಿಯ ಲೆಕ್ಕ

2023ರ ಡಿಸೆಂಬರ್ 17, ಭಾನುವಾರ. ನಾಗಪುರದಲ್ಲಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನದ ದಿನಗಳು. ಅಮರಾವತಿ ರಸ್ತೆಯ ಬಜಾರಗಾಂವ್‌ನಲ್ಲಿರುವ ಸೋಲಾರ್ ಇಂಡಸ್ಟ್ರೀಸ್ ಸ್ಫೋಟಕ ಕಾರ್ಖಾನೆಯಲ್ಲಿ ಬೆಳಿಗ್ಗೆ 9 ಗಂಟೆಯ ಹೊತ್ತಿಗೆ ಕಾಸ್ಟ್ ಬೂಸ್ಟರ್ ವಿಭಾಗದ ಕಟ್ಟಡವೊಂದು ಸಿಡಿಯಿತು. ಕಾಸ್ಟ್ ಬೂಸ್ಟರ್ ಎಂದರೆ ಕಲ್ಲಿದ್ದಲು ಗಣಿಗಳಲ್ಲಿ ದೊಡ್ಡ ಸಿಡಿತಕ್ಕೆ ಕಿಡಿ ಕೊಡುವ ಸಾಮಗ್ರಿ. ಪ್ಯಾಕಿಂಗ್ ಕೆಲಸದಲ್ಲಿದ್ದ 9 ಮಂದಿ ಸತ್ತರು. ಅವರಲ್ಲಿ 6 ಮಂದಿ ಹೆಂಗಸರು. ಸುದ್ದಿ ಕೇಳಿ ಓಡಿಬಂದ ಅಕ್ಕಪಕ್ಕದ ಹಳ್ಳಿಗಳ ಜನ ಗೇಟಿನ ಮುಂದೆ ನಿಂತರು, ಹೆದ್ದಾರಿಯಲ್ಲಿ ಕುಳಿತರು. ಒಳಗೆ ಹೋದವರ ಮುಖವನ್ನು ಒಂದು ಸಲವಾದರೂ ತೋರಿಸಿ ಎಂಬುದು ಅವರ ಬೇಡಿಕೆಯಾಗಿತ್ತು. ಆಗಿನ ಮುಖ್ಯಮಂತ್ರಿ ಏಕನಾಥ ಶಿಂದೆ ಸತ್ತವರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿದರು.

ಆರು ತಿಂಗಳು ತುಂಬುವುದರೊಳಗೆ, 2024ರ ಜೂನ್ 13ರ ಮಧ್ಯಾಹ್ನ, ಅದೇ ಸೀಮೆಯ ಧಾಮ್ನಾ ಊರಿನ ಚಾಮುಂಡಿ ಎಕ್ಸ್‌ಪ್ಲೋಸಿವ್ಸ್ ಸಿಡಿಯಿತು. ಕೆಲವರು ಸ್ಥಳದಲ್ಲೇ ಹೋದರು, ಕೆಲವರು ಸುಟ್ಟ ಮೈಯಲ್ಲಿ ಆಸ್ಪತ್ರೆಯಲ್ಲಿ ದಿನಗಳನ್ನು ಎಣಿಸಿ ಹೋದರು. ಹೆಚ್ಚಿನವರು ಹಳ್ಳಿಯ ಎಳೆವಯಸ್ಸಿನ ಹೆಣ್ಣುಮಕ್ಕಳು. 2025ರ ಸೆಪ್ಟೆಂಬರ್‌ನಲ್ಲಿ ಬಜಾರಗಾಂವ್‌ನ ಅದೇ ಕಾರ್ಖಾನೆಯಲ್ಲಿ ಮತ್ತೊಂದು ಸ್ಫೋಟ, ಮತ್ತೆ ಸಾವು.

ದೇಶದ ಸ್ಫೋಟಕಗಳಿಗೆಲ್ಲ ಪರವಾನಗಿ ಕೊಡುವ, ಅವುಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಪೆಸೊದ ಮುಖ್ಯ ಕಚೇರಿ ಇರುವುದು ಇದೇ ನಾಗಪುರದ ಸೆಮಿನರಿ ಹಿಲ್ಸ್‌ನಲ್ಲಿ. 1898ರಷ್ಟು ಹಳೆಯ ಇಲಾಖೆ ಅದು. ದೇಶದ ಅಗ್ನಿಶಾಮಕ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಕಾಲೇಜು ಕೂಡ ಇದೇ ಊರಿನಲ್ಲಿದೆ. ಸುರಕ್ಷತೆಯ ವಿದ್ಯೆ ಇಷ್ಟು ಹತ್ತಿರದಲ್ಲಿರುವಾಗ ಪ್ಯಾಕಿಂಗ್ ಮೇಜಿನ ಮುಂದೆ ಕೂತ ಹುಡುಗಿಯ ತನಕ ಅದು ಏಕೆ ತಲುಪಲಿಲ್ಲ ಎಂದು ಕೇಳದೆ ಇರಲು ನನ್ನಿಂದ ಆಗುವುದಿಲ್ಲ. ಶಿವಮೊಗ್ಗದ ಹುಣಸೋಡು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ನಮಗೆ ಮರೆತಿಲ್ಲ. 2021ರ ಜನವರಿ ಮತ್ತು ಫೆಬ್ರುವರಿಯಲ್ಲಿ, ಒಂದು ತಿಂಗಳ ಅಂತರದಲ್ಲಿ, ಕ್ವಾರಿಯ ಸಿಡಿಮದ್ದು ಈ ಎರಡೂ ಕಡೆ ಜನರನ್ನು ಕೊಂದಿತ್ತು. ಆಗಲೂ ಮೊದಲು ಕೇಳಿಬಂದದ್ದು ತಲಾ ಇಷ್ಟು ಲಕ್ಷ ಎಂಬ ಘೋಷಣೆಯೇ.

ಮರಾಠಿಯಲ್ಲಿ ಇಂಥ ಹಣಕ್ಕೆ ನುಕಸಾನ ಭರಪಾಯಿ ಎನ್ನುತ್ತಾರೆ. ಬೆಳಗಾವಿ, ಬೀದರ್ ಕಡೆಯವರಿಗೂ ಭರಪಾಯಿ ಎಂಬ ಮಾತು ಹೊಸದಲ್ಲ. ಆದ ಹಾನಿಯನ್ನು ಭರ್ತಿ ಮಾಡಿಕೊಡುವುದು ಎಂದು ಅದರ ಅರ್ಥ. ನಾವು ಬಳಸುವ ಪರಿಹಾರ ಎಂಬ ಪದದಲ್ಲಿ ಸಮಸ್ಯೆ ತೀರಿತು ಎಂಬ ಧ್ವನಿ ಇದೆ, ಅದೇ ನನಗೆ ತೊಡಕಾಗಿ ಕಾಣುತ್ತದೆ. ಮಂತ್ರಿಗಳು ಚೆಕ್ ಕೊಡುವ ಫೋಟೋ ಪತ್ರಿಕೆಯಲ್ಲಿ ಬಂದಾಗ ಮನೆಯವರೂ ಓದುಗರೂ ವಿಷಯ ಮುಗಿಯಿತು ಎಂದುಕೊಳ್ಳುತ್ತಾರೆ. ಸರ್ಕಾರದ ಆ ಹಣ ಬರುವುದು ಮುಖ್ಯಮಂತ್ರಿ ಪರಿಹಾರ ನಿಧಿಯಂಥ ಖಾತೆಯಿಂದ. ಅದು ಸರ್ಕಾರದ ಅನುಕಂಪ. ಮಾಲೀಕನ ಮೇಲೆ ಕಾನೂನು ಹೊರಿಸಿರುವ ಸಾಲ ಬೇರೆಯೇ ಇದೆ. ಅನುಕಂಪದ ಹಣ ಕೈಗೆ ಬಂದಿತೆಂದು ಆ ಸಾಲ ತೀರುವುದಿಲ್ಲ.

ಆ ಸಾಲದ ಲೆಕ್ಕ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದೆ. ಬಜಾರಗಾಂವ್, ಧಾಮ್ನಾ ಸಾವುಗಳೆಲ್ಲ ಆದದ್ದು ಈ ಕಾಯ್ದೆ ಜಾರಿಯಲ್ಲಿದ್ದಾಗ. 2025ರ ನವೆಂಬರ್ 21ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯವಾಗಿ ಸೇರಿಕೊಂಡಿದೆ. ಕೆಲಸದಲ್ಲಿದ್ದಾಗ, ಕೆಲಸದ ಕಾರಣಕ್ಕೆ ಸಾವು ಸಂಭವಿಸಿದರೆ ಮಾಲೀಕ ಹಣ ಕೊಡಬೇಕು. ಯಾರ ತಪ್ಪು ಎಂಬ ಪ್ರಶ್ನೆಯೇ ಏಳುವುದಿಲ್ಲ. ಸತ್ತವಳೇ ನಿಯಮ ಮೀರಿದ್ದಳು ಎಂದು ಕಂಪನಿ ವಾದಿಸಿದರೂ, ಸಾವಿನ ಪ್ರಕರಣದಲ್ಲಿ ಆ ವಾದಕ್ಕೆ ಬೆಲೆಯಿಲ್ಲ. ಗುತ್ತಿಗೆದಾರನ ಮೂಲಕ ಬಂದವಳೆಂದು ನುಣುಚಿಕೊಳ್ಳಲೂ ಆಗದು, ಮೂಲ ಮಾಲೀಕನೇ ಹೊಣೆ. ದಿನಗೂಲಿ, ಹಂಗಾಮಿ ಎಂಬ ನೆಪವೂ 2000ದ ತಿದ್ದುಪಡಿಯ ನಂತರ ಉಳಿದಿಲ್ಲ.

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕೋಣ. ಸತ್ತವಳ ವಯಸ್ಸು 20 ಎಂದಿಟ್ಟುಕೊಳ್ಳಿ. 2020ರ ಜನವರಿಯಿಂದ ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ತಿಂಗಳಿಗೆ 15,000. ಅದರ ಅರ್ಧ 7,500. ಕಾಯ್ದೆಯ ಪಟ್ಟಿಯಲ್ಲಿ 20 ವಯಸ್ಸಿನ ಮುಂದೆ 224 ಎಂಬ ಅಂಕಿ ಇದೆ. ಗುಣಿಸಿದರೆ 16,80,000 ರೂಪಾಯಿ. ವಯಸ್ಸು 40 ಆಗಿದ್ದರೆ ಅಂಕಿ 184.17, ಮೊತ್ತ 13,81,275. ಆದರೆ ಸಂಬಳ ಬರೀ 9,000 ಎಂದು ಕಾಗದದಲ್ಲಿದ್ದರೆ ಅದೇ 20ರ ಹುಡುಗಿಯ ಮನೆಗೆ ಸಿಗುವುದು 10,08,000. ನಿಜಕ್ಕೂ ಕೈಗೆ ಬರುತ್ತಿದ್ದ ಸಂಬಳ ಎಷ್ಟು ಎಂದು ತೋರಿಸುವ ಪಾಸ್‌ಬುಕ್ ಪುಟ, ಹಾಜರಿ ಚೀಟಿ, ಗೇಟ್ ಪಾಸ್ ಇಲ್ಲಿ ಚಿನ್ನಕ್ಕಿಂತ ಹೆಚ್ಚು. ಸಾವಿನ ಮನೆಯಲ್ಲಿ ಇವನ್ನು ಯಾರಾದರೊಬ್ಬರು ಬೇಗ ಎತ್ತಿಡಬೇಕು. ನೆಂಟರಲ್ಲಿ ಸ್ವಲ್ಪ ಓದಿಕೊಂಡವರು ಆ ಕೆಲಸ ಮಾಡಿದರೆ ದೊಡ್ಡ ಉಪಕಾರ.

ಹಣ ಕೊಡಬೇಕಾದ ದಿನ ಅಪಘಾತದ ದಿನವೇ ಎಂದು ಸುಪ್ರೀಂ ಕೋರ್ಟ್ 1976ರಲ್ಲಿಯೇ ಹೇಳಿದೆ. ಒಂದು ತಿಂಗಳು ದಾಟಿದರೆ ವರ್ಷಕ್ಕೆ 12 ಶೇಕಡಾ ಬಡ್ಡಿ. ಮೇಲಿನ 16,80,000ಕ್ಕೆ ವರ್ಷಕ್ಕೆ 2,01,600 ಆಯಿತು. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಮೂಲ ಮೊತ್ತದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಮಾಲೀಕ ಹೈಕೋರ್ಟಿಗೆ ಮೇಲ್ಮನವಿ ಹೋಗುತ್ತೇನೆಂದರೆ ಮೊದಲು ತೀರ್ಪಿನ ಮೊತ್ತವನ್ನು ಠೇವಣಿ ಇಟ್ಟು ಬರಬೇಕು.

ಇಷ್ಟೆಲ್ಲ ಇದ್ದೂ ಮನೆಯವರು ಸೋಲುವುದು ಒಂದು ಕಾಗದದ ಮುಂದೆ. ಹನ್ನೊಂದನೆಯ ದಿನಕ್ಕೋ ಹದಿಮೂರನೆಯ ದಿನಕ್ಕೋ ಯಾರೋ ಮನೆಗೆ ಬರುತ್ತಾರೆ, ಕೈಯಲ್ಲಿ ಚೆಕ್ ಇರುತ್ತದೆ, ಇನ್ನೊಂದು ಕೈಯಲ್ಲಿ ಸ್ಟಾಂಪ್ ಪೇಪರ್. ಇಷ್ಟು ಹಣ ತೆಗೆದುಕೊಂಡಿದ್ದೇವೆ, ಇನ್ನು ಮುಂದೆ ನಮ್ಮ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ಹೆಬ್ಬೆಟ್ಟಿಗೆ ಜಾಗ. ನಾನು ಹೇಳುತ್ತಿರುವುದು ಯಾವುದೋ ಒಂದು ಕಾರ್ಖಾನೆಯ ಮಾತಲ್ಲ, ಕಟ್ಟಡ ಕೆಲಸದಿಂದ ಕ್ವಾರಿಯವರೆಗೆ ಎಲ್ಲ ಕಡೆ ನಡೆಯುವ ರೂಢಿ. ಆ ಕಾಗದಕ್ಕೆ ಕಾನೂನಿನಲ್ಲಿ ಬಲವಿಲ್ಲ. ಕಾಯ್ದೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಷ್ಟರಮಟ್ಟಿಗೆ ಅಸಿಂಧು ಎಂದು 17ನೇ ಕಲಮು ಹೇಳುತ್ತದೆ. ಸಾವಿನ ಪ್ರಕರಣದಲ್ಲಿ ಹಣವನ್ನು ಮನೆಯವರ ಕೈಗೆ ನೇರವಾಗಿ ಕೊಟ್ಟರೆ ಪರಿಹಾರ ಕೊಟ್ಟಂತೆಯೇ ಆಗುವುದಿಲ್ಲ, ನೌಕರರ ಪರಿಹಾರ ಕಮಿಷನರ್ ಬಳಿ ಠೇವಣಿ ಇಡಬೇಕು ಎಂದು 8ನೇ ಕಲಮು ಹೇಳುತ್ತದೆ. ಕೈಯಲ್ಲಿ ಕೊಡಬಹುದಾದದ್ದು ಮೂರು ತಿಂಗಳ ಸಂಬಳದಷ್ಟು ಮುಂಗಡ ಮಾತ್ರ. ಮಹಾರಾಷ್ಟ್ರದಲ್ಲಿ ಕಮಿಷನರ್ ಅಧಿಕಾರ ಇರುವುದು ಕಾರ್ಮಿಕ ನ್ಯಾಯಾಲಯಕ್ಕೆ. ಹೆಂಡತಿಗೆಷ್ಟು, ಮಕ್ಕಳಿಗೆಷ್ಟು, ತಾಯಿಗೆಷ್ಟು ಎಂದು ಹಂಚುವುದೂ ಅಲ್ಲಿಯೇ.

ಧಾಮ್ನಾದಂಥ ಕಡೆ ಒಂದು ಸೂಕ್ಷ್ಮವಿದೆ. ಸತ್ತವಳು ಮದುವೆಯಾಗದ ಹುಡುಗಿ. ತಾಯಿ ವಿಧವೆಯಾಗಿದ್ದರೆ ಕಾಯ್ದೆ ಅವಳನ್ನು ನೇರವಾಗಿ ಅವಲಂಬಿತಳೆಂದು ಒಪ್ಪುತ್ತದೆ. ತಂದೆ ತಾಯಿ ಇಬ್ಬರೂ ಇದ್ದರೆ, ಮಗಳ ಗಳಿಕೆಯ ಮೇಲೆ ಸ್ವಲ್ಪವಾದರೂ ಆಧಾರಪಟ್ಟಿದ್ದೆವು ಎಂದು ತೋರಿಸಬೇಕು. ಮಗಳ ದುಡಿಮೆಯಲ್ಲಿ ಉಣ್ಣುತ್ತಿದ್ದೆವು ಎಂದು ಹೇಳಿಕೊಳ್ಳಲು ಅಪ್ಪಂದಿರಿಗೆ ಸಂಕೋಚ. ತಮ್ಮನ ಶಾಲೆಯ ಫೀಸು, ಸಂಘದ ಸಾಲದ ಕಂತು, ಕಿರಾಣಿ ಅಂಗಡಿಯ ಬಾಕಿ ಇವೆಲ್ಲ ಅವಳ ಸಂಬಳ ಬಂದ ವಾರ ತೀರುತ್ತಿದ್ದವು ಎಂಬುದನ್ನು ಸಂಕೋಚ ಬಿಟ್ಟು ಅರ್ಜಿಯಲ್ಲಿ ಬರೆಯಬೇಕು. ನಿಜವನ್ನು ಬರೆದರೆ ಮಗಳಿಗೆ ಅವಮಾನವಿಲ್ಲ, ಅವಳು ಮನೆಗೆ ಏನಾಗಿದ್ದಳೆಂಬುದಕ್ಕೆ ಅದೊಂದೇ ಸರ್ಕಾರಿ ದಾಖಲೆ.

ಕಾರ್ಖಾನೆಗೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಇದ್ದು, ಸತ್ತವರ ಹೆಸರಿನಲ್ಲಿ ವಂತಿಗೆ ಕಟ್ಟುವಂತಿದ್ದರೆ ದಾರಿ ಬೇರೆ. ಆಗ ಇಡಿಗಂಟಿನ ಬದಲು ಸಂಬಳದ 90 ಶೇಕಡಾ ಆಧಾರದ ಮೇಲೆ ತಿಂಗಳ ಪಿಂಚಣಿ ಅವಲಂಬಿತರಿಗೆ ಬರುತ್ತದೆ.

ನಿರ್ಲಕ್ಷ್ಯದ ಪ್ರಶ್ನೆಯನ್ನೇ ನೇರವಾಗಿ ಎತ್ತಿ ಸಿವಿಲ್ ಕೋರ್ಟಿಗೆ ಹೋಗುವ ದಾರಿಯೂ ಇದೆ, 1855ರ ಮಾರಕ ಅಪಘಾತಗಳ ಕಾಯ್ದೆಯಡಿ. ಮೊತ್ತಕ್ಕೆ ಮಿತಿಯಿಲ್ಲ. ರಸ್ತೆ ಅಪಘಾತಗಳಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮ, 2017ರಲ್ಲಿ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರವನ್ನು ಹಿಡಿದರೆ, 15,000 ಸಂಬಳದ 20ರ ಅವಿವಾಹಿತೆಗೆ ಭವಿಷ್ಯದ ಏರಿಕೆ ಸೇರಿಸಿ, ಅವಳ ಸ್ವಂತ ಖರ್ಚು ಅರ್ಧ ಕಳೆದು, 18ರಿಂದ ಗುಣಿಸಿದಾಗ 22,68,000 ಬರುತ್ತದೆ. ಅಪಾಯಕಾರಿ ಉದ್ಯಮ ನಡೆಸುವವನು ಯಾವ ವಿನಾಯಿತಿಯೂ ಇಲ್ಲದೆ ಹೊಣೆಗಾರ ಎಂಬ ಎಂ.ಸಿ. ಮೆಹ್ತಾ ಪ್ರಕರಣದ ತತ್ವವೂ ಸ್ಫೋಟಕ ಕಾರ್ಖಾನೆಯ ವಿರುದ್ಧ ಬಲವಾದ ಆಧಾರ. ಆದರೆ ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ. ಕಮಿಷನರ್ ಮುಂದೆ ಅರ್ಜಿ ಹಾಕಿದವರು ಅದೇ ಸಾವಿಗೆ ಅದೇ ಮಾಲೀಕನ ಮೇಲೆ ಸಿವಿಲ್ ದಾವೆ ಹೂಡಲು ಬರುವುದಿಲ್ಲ. ಕೂಲಿ ಮನೆಗೆ ನಾನು ಹೇಳುವುದು ಮೊದಲ ದಾರಿಯನ್ನೇ. ಸಿವಿಲ್ ಕೋರ್ಟಿನ ಹತ್ತು ಹದಿನೈದು ವರ್ಷ ಕಾಯುವ ಶಕ್ತಿ ಕಂಪನಿಗಿರುತ್ತದೆ, ಅವರಿಗಿರುವುದಿಲ್ಲ.

ಶಿಕ್ಷೆಯ ವಿಚಾರ ಈ ಹಣದಿಂದ ಪೂರ್ತಿ ಬೇರೆ. ನಿರ್ಲಕ್ಷ್ಯದ ಸಾವಿಗೆ ಹಳೆಯ ದಂಡಸಂಹಿತೆಯ 304ಎ ಕಲಮಿನಲ್ಲಿ ಗರಿಷ್ಠ 2 ವರ್ಷ ಜೈಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು 5 ವರ್ಷವಾಯಿತು. ಧಾಮ್ನಾ ಸಿಡಿದದ್ದು ಅದಕ್ಕೆ 18 ದಿನ ಮೊದಲು. ಕ್ರಿಮಿನಲ್ ಪ್ರಕರಣ ಮುಗಿಯಲಿ ಎಂದು ಪರಿಹಾರದ ಅರ್ಜಿಯನ್ನು ಕಾಯಿಸುವವರಿದ್ದಾರೆ, ಅದು ದೊಡ್ಡ ತಪ್ಪು. ಆರೋಪಿ ಬಿಡುಗಡೆಯಾದರೂ ಮನೆಯವರ ಹಣದ ಹಕ್ಕಿಗೆ ಕುಂದಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕಾದ ಹೊಣೆಯನ್ನು ಹೊಸ ನಾಗರಿಕ ಸುರಕ್ಷಾ ಸಂಹಿತೆ ಪೊಲೀಸರ ಮೇಲೆ ಹೊರಿಸಿದೆ. ಕೇಳಿ ಪಡೆಯಬೇಕು.

ಕೆಲಸದ ಜಾಗದಲ್ಲಲ್ಲದೆ ಸಾವು ರಸ್ತೆಯಲ್ಲಾದರೆ ಹೋಗಬೇಕಾದದ್ದು ಮೋಟಾರು ಅಪಘಾತ ನ್ಯಾಯಮಂಡಳಿ, ಹಣ ಕೊಟ್ಟು ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲಾದರೆ ಗ್ರಾಹಕ ಆಯೋಗ. 2023ರ ಜುಲೈ 1ರ ನಸುಕಿನಲ್ಲಿ ನಾಗಪುರದಿಂದ ಪುಣೆಗೆ ಹೊರಟಿದ್ದ ಬಸ್ಸು ಸಮೃದ್ಧಿ ಹೆದ್ದಾರಿಯಲ್ಲಿ, ಬುಲ್ಢಾಣಾ ಜಿಲ್ಲೆಯಲ್ಲಿ, ಹೊತ್ತಿ ಉರಿದು 25 ಮಂದಿ ಸುಟ್ಟುಹೋದರು. ಅಂಥ ಸಾವಿನ ಮನೆಯವರು ಅಪಘಾತದ ಜಿಲ್ಲೆಗೇ ಅಲೆಯಬೇಕಿಲ್ಲ, ತಾವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಕೊಡಬಹುದು.

ನಮ್ಮವರಿಗೂ ಈ ಪರಿಹಾರದ ಕಾನೂನಿನೊಂದಿಗೆ ನೇರ ಸಂಬಂಧವಿದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಹೋದವನು ಮಹಾರಾಷ್ಟ್ರದ ಯಾವುದೋ ಕಾಮಗಾರಿಯಲ್ಲಿ ಸತ್ತರೆ, ಶವ ಊರಿಗೆ ಬರುತ್ತದೆ, ಕೇಸು ಅಲ್ಲೇ ಉಳಿಯುತ್ತದೆ. ಭಾಷೆ ಬಾರದ ಊರಿನ ಕೋರ್ಟಿಗೆ ಯಾರು ಹೋಗುತ್ತಾರೆ ಎಂದು ಮನೆಯವರು ಕೈಬಿಡುತ್ತಾರೆ. ಹೋಗಬೇಕಾಗಿಯೇ ಇಲ್ಲ. ಅವಲಂಬಿತರು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಪರಿಹಾರದ ಅರ್ಜಿ ಹಾಕಬಹುದೆಂದು ನೌಕರರ ಪರಿಹಾರ ಕಾಯ್ದೆಗೆ 1995ರ ತಿದ್ದುಪಡಿಯಲ್ಲಿ ಸೇರಿಸಲಾಗಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬುದಕ್ಕೂ ಉತ್ತರವಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ದುರಂತದ ಸಂತ್ರಸ್ತರಿಗೆ ಆದಾಯ ಎಷ್ಟೆಂದು ಕೇಳದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. ಮಗನನ್ನೋ ಗಂಡನನ್ನೋ ಕಳೆದುಕೊಂಡ ಹೆಂಗಸು ಆಧಾರ್ ಕಾರ್ಡು, ಮರಣ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ ಹಿಡಿದು ಅಲ್ಲಿಗೆ ಹೋದರೆ ಸಾಕು.

ಅರ್ಜಿಗೆ ಗಡುವು ಸಾವಿನಿಂದ ಎರಡು ವರ್ಷ. ಬಜಾರಗಾಂವ್‌ನ ಮೊದಲ ಸ್ಫೋಟಕ್ಕೆ ಆ ದಿನ 2025ರ ಡಿಸೆಂಬರ್ 17, ಧಾಮ್ನಾದಲ್ಲಿ ಸ್ಥಳದಲ್ಲೇ ಸತ್ತವರಿಗೆ 2026ರ ಜೂನ್ 13. ಸಕಾರಣ ತೋರಿಸಿದರೆ ತಡವಾದ ಅರ್ಜಿಯನ್ನೂ ಕಮಿಷನರ್ ತೆಗೆದುಕೊಳ್ಳಬಹುದು. ಕಾಯ್ದೆಯಲ್ಲಿ 10ಎ ಎಂಬ ಇನ್ನೊಂದು ಪುಟ್ಟ ಕಲಮಿದೆ, ಅದನ್ನು ಬಳಸುವವರು ಕಡಿಮೆ. ಕೆಲಸಗಾರನೊಬ್ಬ ಸತ್ತನೆಂದು ಯಾವುದೇ ಮೂಲದಿಂದ ತಿಳಿದುಬಂದರೂ ಸಾಕು, ಕಮಿಷನರ್ ತಾವಾಗಿಯೇ ಮಾಲೀಕನಿಗೆ ನೋಟಿಸು ಕಳಿಸಿ 30 ದಿನದೊಳಗೆ ಹೇಳಿಕೆ ತರಿಸಿಕೊಳ್ಳಬಹುದು. ಯಾವುದೇ ಮೂಲ ಎಂದರೆ ಪಕ್ಕದ ಮನೆಯವರು ಬರೆದ ಒಂದು ಪೋಸ್ಟ್‌ಕಾರ್ಡು ಆಗಬಹುದು, ಊರಿನ ಸಂಘದವರ ಒಂದು ಪತ್ರ ಆಗಬಹುದು, ಪತ್ರಿಕೆಯ ಒಂದು ತುಣುಕು ಆಗಬಹುದು. ಬಜಾರಗಾಂವ್‌ನ ಸುದ್ದಿ ಪತ್ರಿಕೆಗಳಲ್ಲಿ ಬಂದೇ ಇತ್ತು.